ಬೇಟೆಗೆ ಮುನ್ನ

ಬಿಲ್ಲಿನ ಗುರಿ ಸರಿಯೆ, ಬಾಣದ ಅಲಗು ಹರಿತವೆ ಎಂದು ಬೇಟೆಗಾರನು ಮೊದಲೇ ಪರೀಕ್ಷಿಸುವುದು ಸಹಜ. ಅಮೆರಿಕದ ಒಬ್ಬ ಬೇಟೆಗಾರನು ಇವೆರಡರ ಜೊತೆಗೆ ತನ್ನನ್ನೂ ಸಜ್ಜುಗೊಳಿಸಿಕೊಳ್ಳುತ್ತಿದ್ದನು. ಅವನ ಕಥೆ ಕೇಳಿ.

1911ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಬಳಿ ಹಸಿದು ಬಳಲಿದ ಆದಿವಾಸಿಯೊಬ್ಬನು ಸಿಕ್ಕಿದನು. ಬಿಳಿಯರ ಗುಂಡಿಗೂ ರೋಗಕ್ಕೂ ಹಸಿವಿಗೂ ತುತ್ತಾದ ಯಾಹಿ ಜನರಲ್ಲಿ ಉಳಿದವನು ಅವನೊಬ್ಬನೇ. ಹೆಸರು ಹೇಳಲೊಲ್ಲದ ಅವನನ್ನು ವಿದ್ವಾಂಸ ಕ್ರೋಬರ್ 'ಇಷಿ' ಎಂದು ಕರೆದರು. ಅವನ ನುಡಿಯಲ್ಲಿ ಅದಕ್ಕೆ 'ಮನುಷ್ಯ' ಎಂದರ್ಥ.

ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿದ ಇಷಿಯಿಂದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಬಿಲ್ವಿದ್ಯೆ ಕಲಿತರು. ಜಿಂಕೆಯ ಕೊಂಬಿನ ತುದಿಯಿಂದ ಒತ್ತಿ ಒತ್ತಿ, ಜ್ವಾಲಾಮುಖಿಯ ಗಾಜುಗಲ್ಲಿನಿಂದಲೂ ಒಡೆದ ಸೀಸೆಯಿಂದಲೂ ಇಷಿ ಅಲಗು ಮಾಡುತ್ತಿದ್ದನು. ಇದು ಉಕ್ಕಿಗೆ ಸಮವೆ? ಯಕೃತ್ತು ತುಂಬಿ ಜಿಂಕೆಯ ಚರ್ಮ ಹೊದಿಸಿದ ಪೆಟ್ಟಿಗೆಗೆ ಪೋಪ್ ಬಾಣ ಬಿಟ್ಟು ನೋಡಿದರು. ಉಕ್ಕಿನ ಅಲಗು 22 ಅಂಗುಲ ಹೊಕ್ಕಿತು. ಕಲ್ಲಿನದು 30 ಅಂಗುಲ!

ಇನ್ನು ಗುರಿಯ ಮಾತು. ಇಷಿಯ ಬಿಲ್ಲಿನಲ್ಲಿ ಗುರಿ ತೋರುವ ಗುರುತೇ ಇರಲಿಲ್ಲ. ದೂರದ ಹಲಗೆಗೆ ಹೊಡೆಯುವುದರಲ್ಲಿ ಅವನೇನೂ ನಿಪುಣನಲ್ಲ. ಅವನ ಜಾಣ್ಮೆಯೆಲ್ಲ ಮೃಗದ ಸಮೀಪಕ್ಕೆ ಸದ್ದಿಲ್ಲದೆ ಸರಿಯುವುದರಲ್ಲಿ. ಅದಕ್ಕಾಗಿ ಹಿಂದಿನ ದಿನವೇ ಮೀನು, ಹೊಗೆಸೊಪ್ಪು ಬಿಡುವನು. ಮುಂಜಾನೆ ಹೊಳೆಯಲ್ಲಿ ಮಿಂದು, ಪರಿಮಳದ ಸೊಪ್ಪನ್ನು ಮೈಗೆ ಉಜ್ಜಿಕೊಂಡು, ಏನನ್ನೂ ತಿನ್ನದೆ ಹೊರಡುವನು.

1916ರ ಮಾರ್ಚ್ 25ರಂದು ಇಷಿ ಕ್ಷಯದಿಂದ ತೀರಿಕೊಂಡನು. ಪೋಪ್ 1923ರಲ್ಲಿ ಪ್ರಕಟಿಸಿದ ಗ್ರಂಥದಿಂದ ಎಷ್ಟೋ ಜನ ಬಿಲ್ಲು ಹಿಡಿದರು. ಒಂದು ಜನಾಂಗವೇ ಅಳಿದರೂ, ಅದರ ಕೈಯ ವಿದ್ಯೆಯಷ್ಟು ಹೀಗೆ ಉಳಿದುಬಂದಿತು.