ಇಳಿಜಾರಲ್ಲಿ ಆಟೋಮ್ಯಾಟಿಕ್ ಕಾರು ನಿಲ್ಲಿಸ್ತೀರಾ? ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ‘ಪಿ’

ಮೂಡಿಗೆರೆ: ನಮ್ಮ ತಾಲ್ಲೂಕಲ್ಲಿ ಸಮತಟ್ಟಾದ ಜಾಗ ಹುಡುಕಿ ಕಾರು ನಿಲ್ಲಿಸೋದು ಕಷ್ಟದ ಮಾತು. ಮನೆ ಮುಂದೆ ಏರು, ಅಂಗಡಿ ಮುಂದೆ ಇಳಿಜಾರು, ತೋಟದ ರಸ್ತೆ ಅಂತೂ ಕೇಳೋದೇ ಬೇಡ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್ ಜೊತೆ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಸಾಮಾನ್ಯ ಕುಟುಂಬಗಳ ಕೈಗೂ ಸಿಕ್ಕಿತು. ಓಡಿಸೋಕೆ ಸುಲಭ, ನಿಜ. ಆದರೆ ಬ್ರೇಕ್ ಹಾಕುವ, ನಿಲ್ಲಿಸುವ ಅಭ್ಯಾಸ ಸರಿ ಇಲ್ಲದಿದ್ರೆ ಗೇರ್ ಬಾಕ್ಸ್ ಬೇಗ ಸವೆಯುತ್ತೆ. ಅದನ್ನು ಬಿಚ್ಚಿಸುವ ಪ್ರಸಂಗ ಬಂದ್ರೆ ಕಾರನ್ನು ದೂರದ ವರ್ಕ್‌ಶಾಪಿಗೆ ಸಾಗಿಸಬೇಕು, ಖರ್ಚೂ ದೊಡ್ಡದು. ದುಡ್ಡಿಲ್ಲದೆ ಮಾಡಬಹುದಾದ ಜಾಗ್ರತೆಗಳು ಇಲ್ಲಿವೆ.

ನಿಮ್ಮದು ಯಾವ ಆಟೋಮ್ಯಾಟಿಕ್?

ಮೊದಲು ಗೇರ್ ಲಿವರ್ ನೋಡಿ. ‘ಪಿ’ ಅಂತ ಇಲ್ಲದೆ ಬರೀ ಆರ್, ಎನ್, ಡಿ, ಎಂ ಇದ್ದರೆ ಅದು ಸಾಮಾನ್ಯವಾಗಿ ಎಎಂಟಿ. ಅಂದ್ರೆ ಒಳಗಡೆ ಇರೋದು ಮಾಮೂಲಿ ಗೇರ್ ಬಾಕ್ಸ್, ಮಾಮೂಲಿ ಕ್ಲಚ್. ನಿಮ್ಮ ಕಾಲಿನ ಬದಲು ಯಂತ್ರ ಕ್ಲಚ್ ಒತ್ತುತ್ತೆ, ಅಷ್ಟೇ. ‘ಪಿ’ ಇದ್ದರೆ ಅದು ಟಾರ್ಕ್ ಕನ್ವರ್ಟರ್, ಸಿವಿಟಿ ಅಥವಾ ಡಿಸಿಟಿ ಆಗಿರುತ್ತೆ. ಯಾವುದು ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ.

‘ಪಿ’ಯಲ್ಲಿ ಕಾರು ಹಿಡಿಯೋದು ಒಂದು ಸಣ್ಣ ಕೊಕ್ಕೆ

‘ಪಿ’ಗೆ ಹಾಕಿದಾಗ ಚಕ್ರದ ಬ್ರೇಕ್ ಹಿಡಿಯುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗೇರ್ ಬಾಕ್ಸ್ ಒಳಗೆ ಒಂದು ಹಲ್ಲಿನ ಚಕ್ರ ಇರುತ್ತೆ. ಒಂದು ಪುಟ್ಟ ಲೋಹದ ಕೊಕ್ಕೆ ಬಂದು ಅದರ ಹಲ್ಲಿನ ಸಂದಿಯಲ್ಲಿ ಕೂರುತ್ತೆ. ಇದಕ್ಕೆ ಪಾರ್ಕಿಂಗ್ ಪಾಲ್ ಅಂತಾರೆ. ಇಳಿಜಾರಲ್ಲಿ ಬರೀ ‘ಪಿ’ಗೆ ಹಾಕಿ ಬ್ರೇಕ್ ಬಿಟ್ರೆ ಇಡೀ ಕಾರಿನ ಭಾರ ಈ ಕೊಕ್ಕೆ ಮೇಲೆ ಬೀಳುತ್ತೆ. ಬ್ರೇಕ್ ಬಿಟ್ಟ ಕೂಡಲೇ ಕಾರು ಸ್ವಲ್ಪ ಜಾರಿ ‘ಟಕ್’ ಅಂತ ನಿಲ್ಲೋದು, ಮತ್ತೆ ಹೊರಡುವಾಗ ಲಿವರ್ ಬಿಗಿಯಾಗಿ ‘ಖಟ್’ ಅಂತ ಬಿಡೋದು ಇದರಿಂದಲೇ.

ಅದಕ್ಕೇ ನಿಲ್ಲಿಸುವಾಗ ಈ ಕ್ರಮ ರೂಢಿ ಮಾಡ್ಕೊಳ್ಳಿ:

1. ಕಾಲಿನ ಬ್ರೇಕ್ ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿ.
2. ಬ್ರೇಕ್ ಒತ್ತಿಕೊಂಡೇ ಲಿವರ್ ‘ಎನ್’ಗೆ ತನ್ನಿ.
3. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ.
4. ಕಾಲಿನ ಬ್ರೇಕ್ ನಿಧಾನಕ್ಕೆ ಸಡಿಲಿಸಿ. ಕಾರು ಹ್ಯಾಂಡ್ ಬ್ರೇಕ್ ಮೇಲೆ ಕೂತು ನಿಲ್ಲುತ್ತೆ. ಜಾರಿದರೆ ತಕ್ಷಣ ಬ್ರೇಕ್ ಒತ್ತಿ. ಹ್ಯಾಂಡ್ ಬ್ರೇಕ್ ಸಡಿಲ ಆಗಿದೆ ಅಂತ ಅರ್ಥ, ಮೆಕ್ಯಾನಿಕ್‌ಗೆ ತೋರಿಸಿ.
5. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ, ಆಮೇಲೆ ಎಂಜಿನ್ ಆಫ್ ಮಾಡಿ.

ಹೊರಡುವಾಗ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ‘ಡಿ’ಗೋ ‘ಆರ್’ಗೋ ಹಾಕಿ, ಕೊನೆಗೆ ಹ್ಯಾಂಡ್ ಬ್ರೇಕ್ ಬಿಡಿ. ಕಾರು ಪೂರ್ತಿ ನಿಲ್ಲೋ ಮೊದಲೇ ‘ಪಿ’ಗೆ ತಳ್ಳೋದು ಮಾತ್ರ ಯಾವತ್ತೂ ಬೇಡ. ಆ ಕೊಕ್ಕೆ ಓಡ್ತಿರೋ ಕಾರು ನಿಲ್ಲಿಸೋಕೆ ಅಲ್ಲ, ನಿಂತ ಕಾರು ಹಿಡಿಯೋಕೆ ಇರೋದು.

ಲಿವರ್ ‘ಪಿ’ಯಲ್ಲೇ ಸಿಕ್ಕಿಕೊಂಡ್ರೆ ಜೋರಾಗಿ ಎಳೆದಾಡಬೇಡಿ. ಮುಖ್ಯವಾಗಿ, ಕಾರಿನ ಇಳಿಜಾರಿನ ಕಡೆ ನಿಂತು ತಳ್ಳೋಕೆ ಯಾರನ್ನೂ ಬಿಡಬೇಡಿ. ಕೊಕ್ಕೆ ಬಿಟ್ಟ ಕೂಡಲೇ ಕಾರು ಅವರ ಮೇಲೇ ಹೋಗುತ್ತೆ.

ಎಎಂಟಿಯಲ್ಲಿ ಪಿ ಇಲ್ಲ, ಹಾಗಾದ್ರೆ?

ಇಲ್ಲಿ ಹ್ಯಾಂಡ್ ಬ್ರೇಕೇ ಮುಖ್ಯ. ‘ಎನ್’ನಲ್ಲಿ ಬಿಟ್ಟು ಹೋಗೋದು ಇಳಿಜಾರಲ್ಲಿ ಅಪಾಯ. ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಒತ್ತಿಕೊಂಡೇ ‘ಡಿ’ ಅಥವಾ ‘ಆರ್’ನಲ್ಲಿ ಎಂಜಿನ್ ಆಫ್ ಮಾಡಿದ್ರೆ ಕಾರು ಗೇರಲ್ಲೇ ಇರುತ್ತೆ. ಹಳೇ ಮ್ಯಾನುಯಲ್ ಕಾರನ್ನು ಫಸ್ಟ್ ಗೇರಲ್ಲಿ ನಿಲ್ಲಿಸ್ತಿದ್ವಲ್ಲ, ಹಾಗೇ. ಡ್ಯಾಶ್‌ಬೋರ್ಡಲ್ಲಿ ಗೇರ್ ಬಿದ್ದಿರೋದು ನೋಡಿಯೇ ಆಫ್ ಮಾಡಿ. ಬೇರೆ ಬೇರೆ ಕಂಪನಿ ಕಾರಿಗೆ ಸಣ್ಣಪುಟ್ಟ ವ್ಯತ್ಯಾಸ ಇರಬಹುದು, ಪುಸ್ತಕ ಒಮ್ಮೆ ನೋಡ್ಕೊಳ್ಳಿ. ಯಾವ ಗೇರ್ ಆದ್ರೂ ಸರಿ, ಕಡಿದಾದ ಜಾಗದಲ್ಲಿ ಚಕ್ರಕ್ಕೆ ಒಂದು ಕಲ್ಲು ಕೊಡೋದಕ್ಕೆ ನಾಚಿಕೆ ಬೇಡ. ಹೊರಡುವಾಗ ಆ ಕಲ್ಲನ್ನು ರಸ್ತೆ ಮಧ್ಯೆ ಬಿಟ್ಟು ಹೋಗಬೇಡಿ, ಹಿಂದೆ ಬರೋ ಬೈಕಿನವರು ಬೀಳ್ತಾರೆ.

ಎಕ್ಸಿಲೇಟರ್ ಒತ್ತಿ ಏರಲ್ಲಿ ನಿಲ್ಲಬೇಡಿ

ಏರಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಬಿಟ್ಟು, ಎಕ್ಸಿಲೇಟರ್ ಸ್ವಲ್ಪ ಒತ್ತಿ ಕಾರನ್ನು ತೇಲಿಸಿ ಹಿಡಿಯೋ ಚಟ ಕೆಲವರಿಗಿದೆ. ಎಎಂಟಿ, ಡಿಸಿಟಿ ಕಾರಲ್ಲಿ ಇದರಿಂದ ಅರ್ಧ ಹಿಡಿದ ಕ್ಲಚ್ ಉಜ್ಜಿ ಉಜ್ಜಿ ಸುಡುತ್ತೆ. ಟಾರ್ಕ್ ಕನ್ವರ್ಟರ್‌ನಲ್ಲಿ ಗೇರ್ ಆಯಿಲ್ ಕಾಯುತ್ತೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ವೀಕೆಂಡ್ ಸಾಲು ನಿಂತಾಗ ಇದೇ ಕಥೆ. ಬ್ರೇಕ್ ಒತ್ತಿ ನಿಲ್ಲಿ. ಮುಂದಿನ ಗಾಡಿ ಒಂದಡಿ ಹೋದ ಕೂಡಲೇ ನೀವೂ ಒಂದಡಿ ಹೋಗಬೇಡಿ, ಸ್ವಲ್ಪ ಜಾಗ ಆಗಲಿ, ಒಂದೇ ಸಲ ಹೋಗಿ. ಹಿಲ್ ಹೋಲ್ಡ್ ಇದೆ ಅಂತ ಪೂರ್ತಿ ನಂಬಬೇಡಿ, ಅದು ಹಿಡಿಯೋದು ಬರೀ ಒಂದೆರಡು ಸೆಕೆಂಡ್.

ಅರ್ಧ ನಿಮಿಷದ ನಿಲುಗಡೆಗೆಲ್ಲ ‘ಎನ್’ಗೆ ಹಾಕಿ ತೆಗೆಯೋ ಅಗತ್ಯ ಇಲ್ಲ. ‘ಡಿ’ಯಲ್ಲೇ ಬ್ರೇಕ್ ಒತ್ತಿದ್ರೆ ಸಾಕು. ರೈಲ್ವೆ ಗೇಟ್ ತರಹ ಹೆಚ್ಚು ಹೊತ್ತು ನಿಲ್ಲಬೇಕಾದ್ರೆ ‘ಎನ್’ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯಿರಿ.

ಘಾಟಿ ಇಳಿಯುವಾಗ ‘ಎನ್’ ಬೇಡವೇ ಬೇಡ

ಪೆಟ್ರೋಲ್ ಉಳಿಯುತ್ತೆ ಅಂತ ಇಳಿಜಾರಲ್ಲಿ ‘ಎನ್’ಗೆ ಹಾಕೋರಿದ್ದಾರೆ. ಹಾಗೆ ಮಾಡಿದ್ರೆ ಎಂಜಿನ್ ಹಿಡಿತ ತಪ್ಪಿ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳುತ್ತೆ. ಬ್ರೇಕ್ ಕಾದು ಹೋದ್ರೆ ಎಷ್ಟು ಒತ್ತಿದ್ರೂ ಹಿಡಿಯಲ್ಲ. ವೇಗದಲ್ಲಿದ್ದಾಗ ಮತ್ತೆ ‘ಡಿ’ಗೆ ತಂದ್ರೆ ಗೇರ್ ಬಾಕ್ಸಿಗೂ ಹೊಡೆತ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋ ಮೊದಲೇ ‘ಎಂ’ಗೆ ತಂದು 2 ಅಥವಾ 3ನೇ ಗೇರ್ ಹಿಡಿಯಿರಿ. ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’ ಇರುತ್ತೆ. ಎಂಜಿನ್ ಸದ್ದು ಸ್ವಲ್ಪ ಜಾಸ್ತಿ ಆಗುತ್ತೆ, ಹೆದರಬೇಡಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಒತ್ತಿ.

ಅಂಗಡಿಯವರ ಗಮನಕ್ಕೆ

ಅಂಗಡಿ ಮುಂದೆ ‘ಡಿ’ಯಲ್ಲೇ ನಿಲ್ಲಿಸಿ, ಬ್ರೇಕ್ ಮೇಲೆ ಕಾಲಿಟ್ಟು ಕೂತು ಡಿಕ್ಕಿಗೆ ಸಾಮಾನು ಹಾಕಿಸೋದು ದಿನಾ ಕಾಣೋ ದೃಶ್ಯ. ಫೋನ್ ಬಂತು, ಕಾಲು ಸಡಿಲ ಆಯ್ತು ಅಂದ್ರೆ ಕಾರು ತಾನಾಗೇ ತೆವಳುತ್ತೆ. ರಿವರ್ಸ್‌ನಲ್ಲಿದ್ರೆ ಹಿಂದೆ ಮೂಟೆ ಎತ್ತುತ್ತಿರೋ ಹುಡುಗನ ಗತಿ ಏನು? ಹಿಂದೆ ಯಾರಾದ್ರೂ ನಿಂತಿದ್ದಾರೆ ಅಂದ್ರೆ ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿಬಿಡಿ. ಇಕ್ಕಟ್ಟಲ್ಲಿ ಕಾರು ತಿರುಗಿಸುವಾಗ ‘ಡಿ’ಯಿಂದ ‘ಆರ್’ಗೆ ಹಾಕೋ ಮೊದಲು ಚಕ್ರ ಪೂರ್ತಿ ನಿಲ್ಲಲಿ. ಬ್ರೇಕಿಗೂ ಎಕ್ಸಿಲೇಟರಿಗೂ ಬಲಗಾಲು ಒಂದೇ, ಎಡಗಾಲು ಸುಮ್ಮನಿರಲಿ.

ಮಳೆಗಾಲದಲ್ಲಿ ವಾರಗಟ್ಟಲೆ ಕಾರು ತೆಗೆಯದಿದ್ರೆ ಹ್ಯಾಂಡ್ ಬ್ರೇಕ್ ತುಕ್ಕು ಹಿಡಿದು ಅಂಟಿಕೊಳ್ಳೋದುಂಟು. ಆಗ ಸಮತಟ್ಟು ಜಾಗದಲ್ಲಿ ‘ಪಿ’ಯಲ್ಲಿ (ಎಎಂಟಿ ಆದ್ರೆ ಗೇರಲ್ಲಿ) ನಿಲ್ಲಿಸಿ, ಚಕ್ರದ ಎರಡೂ ಕಡೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಬಿಡಬಹುದು.

ಇವು ಕಂಡ್ರೆ ತಡ ಮಾಡಬೇಡಿ

‘ಡಿ’ಗೆ ಹಾಕಿ ಒಂದೆರಡು ಸೆಕೆಂಡ್ ಆದ್ಮೇಲೆ ಕಾರು ಹೊರಡೋದು, ಎಂಜಿನ್ ಕೂಗಿದ್ರೂ ಕಾರು ಎಳೆಯದಿರೋದು, ಸುಟ್ಟ ವಾಸನೆ, ಹೊರಡುವಾಗ ನಡುಕ, ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ. ಇದರಲ್ಲಿ ಯಾವುದು ಕಂಡ್ರೂ ಮೆಕ್ಯಾನಿಕ್ ಹತ್ತಿರ ಹೋಗಿ. ಗೇರ್ ಆಯಿಲ್ ಹಾಕಿಸುವಾಗ ಪುಸ್ತಕದಲ್ಲಿ ಹೇಳಿರೋದನ್ನೇ ಹಾಕಿಸಿ, ಸಿವಿಟಿಗೆ ಬೇರೆ, ಟಾರ್ಕ್ ಕನ್ವರ್ಟರ್‌ಗೆ ಬೇರೆ. ದಾರೀಲಿ ಕೆಟ್ಟು ನಿಂತ್ರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದು ಚಕ್ರ ಉರುಳಿದ್ರೆ ಒಳಗೆ ಆಯಿಲ್ ಓಡಲ್ಲ, ಒಣಗಿ ಉಜ್ಜಿ ಇದ್ದದ್ದೂ ಹೋಗುತ್ತೆ. ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಟೋಯಿಂಗ್ ಗಾಡಿಯನ್ನೇ ಕರೆಸಿ.