ಮಾಜಿ ಸೈನಿಕರ ಆರೋಗ್ಯ ಕಾರ್ಡ್: ಕೌಂಟರ್‌ನಲ್ಲಿ ಏನು ನೋಡ್ತಾರೆ, ಯಾರು ಅರ್ಹರು, ಯಾರು ಹೊರಗೆ?

ರಾತ್ರಿ ಹನ್ನೊಂದು ಗಂಟೆ. ಅಮ್ಮನಿಗೆ ತಡೆಯಲಾರದ ಹೊಟ್ಟೆನೋವು. ಅಪ್ಪ ನಿವೃತ್ತ ಹವಾಲ್ದಾರ್. ಆಸ್ಪತ್ರೆಯ ಕೌಂಟರ್‌ನಲ್ಲಿ ಅಮ್ಮನ ಇಸಿಎಚ್‌ಎಸ್ ಕಾರ್ಡ್ ಇಟ್ಟರು. ಅಲ್ಲಿದ್ದ ಹುಡುಗ ನಾಲ್ಕು ಸಲ ಬೆರಳು ಒತ್ತಿಸಿಕೊಂಡು, "ಮ್ಯಾಚ್ ಆಗ್ತಿಲ್ಲ ಸರ್, ಅಡ್ವಾನ್ಸ್ ಕಟ್ಟಿಬಿಡಿ, ಬೆಳಿಗ್ಗೆ ನೋಡೋಣ" ಅಂದ. ಮೂವತ್ತು ವರ್ಷ ಗದ್ದೆ ನಾಟಿ ಮಾಡಿದ, ಕಾಫಿ ಕೊಯ್ದ ಕೈ ಅದು. ಬೆರಳಿನ ಗೆರೆಗಳು ಸವೆದುಹೋಗಿದ್ದವು. ಅಪ್ಪ ಪಕ್ಕದ ಮನೆಯವರಿಗೆ ಫೋನ್ ಮಾಡಿ ಸಾಲ ತರಿಸಿ ಕಟ್ಟಿದರು. ಆ ದುಡ್ಡು ವಾಪಸ್ ಬರಲು ಮೂರು ತಿಂಗಳು ಓಡಾಡಬೇಕಾಯಿತು.

ಅವತ್ತು ಅಡ್ವಾನ್ಸ್ ಕಟ್ಟುವ ಅಗತ್ಯವೇ ಇರಲಿಲ್ಲ ಅನ್ನೋದು ನಮಗೆ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಮಾಜಿ ಸೈನಿಕರಿರುವ ಯಾರಿಗೂ ಹೀಗಾಗಬಾರದು ಅಂತ ಈ ಮಾಹಿತಿಯನ್ನು ಒಂದೆಡೆ ಸೇರಿಸಿದ್ದೇನೆ.

ಇಸಿಎಚ್‌ಎಸ್ ಅಂದರೇನು?

ಸೇವೆಯಲ್ಲಿರುವ ಸೈನಿಕರಿಗೆ ಸೇನಾ ಆಸ್ಪತ್ರೆಗಳಿವೆ. ನಿವೃತ್ತರಾದವರಿಗೆ ಇರುವುದು ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್. 2002ರ ಡಿಸೆಂಬರ್ 30ರಂದು ಮಂಜೂರಾಗಿ, 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯಡಿ ನಡೆಯುತ್ತದೆ. ದೇಶದಲ್ಲಿ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿಯಲ್ಲೂ ಇವೆ. ಪಾಲಿಕ್ಲಿನಿಕ್‌ನಲ್ಲಿ ಆಗದ ಚಿಕಿತ್ಸೆಗೆ ಸೇನಾ ಆಸ್ಪತ್ರೆಗೋ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೋ ರೆಫರ್ ಮಾಡ್ತಾರೆ.

ಇದು ಪುಕ್ಕಟೆ ಅಲ್ಲ. ಒಂದೇ ಸಲ ವಂತಿಗೆ ಕಟ್ಟಬೇಕು. 2017ರ ಡಿಸೆಂಬರ್‌ನ ಆದೇಶದ ಪ್ರಕಾರ ಹವಾಲ್ದಾರ್‌ವರೆಗಿನವರಿಗೆ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000, ಅಧಿಕಾರಿಗಳಿಗೆ 1,20,000. ಕ್ರಮವಾಗಿ ಸಾಮಾನ್ಯ, ಅರೆ ಖಾಸಗಿ ಮತ್ತು ಖಾಸಗಿ ವಾರ್ಡ್ ಸಿಗುತ್ತದೆ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಮತ್ತು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ವಂತಿಗೆ ಇಲ್ಲ. ರೋಗಕ್ಕೆ ದರ್ಜೆ ಗೊತ್ತಿಲ್ಲ, ವಾರ್ಡಿಗೆ ಗೊತ್ತು.

ಯಾರು ಅರ್ಹರು?

* ಪಿಂಚಣಿ ಅಥವಾ ಅಂಗವೈಕಲ್ಯ ಪಿಂಚಣಿ ಪಡೆಯುವ ಮಾಜಿ ಸೈನಿಕರು ಮತ್ತು ಅವರ ಸಂಗಾತಿ. ಸೈನಿಕ ತೀರಿಕೊಂಡಿದ್ದರೆ ಕುಟುಂಬ ಪಿಂಚಣಿ ಪಡೆಯುವವರು.
* ಗಂಡು ಮಕ್ಕಳು: 25 ವರ್ಷ ತುಂಬುವವರೆಗೆ, ಕೆಲಸ ಸಿಗುವವರೆಗೆ ಅಥವಾ ಮದುವೆಯಾಗುವವರೆಗೆ, ಯಾವುದು ಮೊದಲೋ ಅದು.
* ಹೆಣ್ಣು ಮಕ್ಕಳು: ಕೆಲಸ ಸಿಗುವವರೆಗೆ ಅಥವಾ ಮದುವೆಯಾಗುವವರೆಗೆ, ವಯಸ್ಸಿನ ಮಿತಿ ಇಲ್ಲ. ಅವಲಂಬಿತರಾಗಿ ಮರಳಿದ ವಿಧವೆ ಅಥವಾ ವಿಚ್ಛೇದಿತ ಮಗಳೂ ಅರ್ಹಳು.
* ಅವಲಂಬಿತ ತಂದೆ ತಾಯಿ: ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮೊತ್ತ ಮೀರಬಾರದು.

ಬರೀ ಪಿಂಚಣಿದಾರರಿಗಿದ್ದ ಈ ಯೋಜನೆಯನ್ನು 2019ರಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಅಧಿಕಾರಿಗಳಿಗೂ ವಿಸ್ತರಿಸಲಾಯಿತು. ಪಿಂಚಣಿ ಇಲ್ಲದವರನ್ನೂ ಒಳಗೆ ತರಬಹುದು ಅಂತ ಸರ್ಕಾರವೇ ತೋರಿಸಿಕೊಟ್ಟಿತು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಕಾರ್ಡ್ ಬೇರೆ, ಅರ್ಹತೆ ಬೇರೆ

ಈಗ ಚಾಲ್ತಿಯಲ್ಲಿರುವುದು 64 ಕೆಬಿ ಸ್ಮಾರ್ಟ್ ಕಾರ್ಡ್. ಕುಟುಂಬದ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಾರ್ಡ್. ಅಪ್ಪನ ಕಾರ್ಡ್ ತೋರಿಸಿ ಅಮ್ಮನನ್ನು ದಾಖಲು ಮಾಡಿಸುವ ಹಾಗಿಲ್ಲ. ಕೌಂಟರ್‌ನಲ್ಲಿ ಮೂರು ವಿಷಯ ತಿಳಿಯಬೇಕು: ಮುಂದೆ ನಿಂತಿರುವವರು ಕಾರ್ಡಿನಲ್ಲಿರುವವರೇನಾ? ಕಾರ್ಡ್ ಇನ್ನೂ ಚಾಲ್ತಿಯಲ್ಲಿದೆಯಾ? ಯಾವ ವಾರ್ಡಿಗೆ ಹಕ್ಕಿದೆ? ಮೊದಲನೆಯದಕ್ಕೆ ಫೋಟೊ, ಬೆರಳಚ್ಚು. ಉಳಿದ ಎರಡಕ್ಕೆ ಉತ್ತರ ಇರುವುದು ದಾಖಲೆಯಲ್ಲಿ, ಪ್ಲಾಸ್ಟಿಕ್‌ನಲ್ಲಲ್ಲ.

ನನ್ನದೇ ಉದಾಹರಣೆ ನೋಡಿ. 23ಕ್ಕೆ ನನಗೆ ಕೆಲಸ ಸಿಕ್ಕಿತು. ಅವತ್ತಿಗೆ ನನ್ನ ಅರ್ಹತೆ ಮುಗಿಯಿತು, ಕಾರ್ಡ್ ಮಾತ್ರ ಜೇಬಲ್ಲೇ ಇತ್ತು. ಅಪ್ಪ ಮರುವಾರವೇ ಪಾಲಿಕ್ಲಿನಿಕ್‌ಗೆ ಹೋಗಿ ಹೇಳಿಬಂದರು. ಹೇಳದಿದ್ದರೆ ಯಂತ್ರಕ್ಕೆ ತಾನಾಗಿ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವಲಂಬಿತರ ಅರ್ಹತೆಯನ್ನು ವರ್ಷಕ್ಕೊಮ್ಮೆ ದೃಢಪಡಿಸಬೇಕು ಅನ್ನುವ ನಿಯಮ ಇರುವುದು. ಮರೆತರೆ ಅರ್ಹರ ಕಾರ್ಡೂ ಬ್ಲಾಕ್ ಆಗಬಹುದು, ಅದು ಗೊತ್ತಾಗುವುದು ಆಸ್ಪತ್ರೆಯಲ್ಲೇ.

ಅಮೆರಿಕದ ಸೇನೆಯಲ್ಲೂ ಇದೇ ತತ್ವ. ಅಲ್ಲಿನ ಟ್ರೈಕೇರ್ ಯೋಜನೆಯ ಅರ್ಹತೆ ನಿರ್ಧಾರವಾಗುವುದು ಡೀರ್ಸ್ ಎಂಬ ಕೇಂದ್ರ ದತ್ತಾಂಶದಲ್ಲಿ. ಗುರುತಿನ ಚೀಟಿ ಅಲ್ಲಿಗೆ ದಾರಿ ಅಷ್ಟೆ. 2011ರಿಂದ ಆ ಚೀಟಿಗಳ ಮೇಲಿದ್ದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ತೆಗೆದು ಬೇರೆ ಸಂಖ್ಯೆ ಕೊಡತೊಡಗಿದರು. ರೋಗಿಯ ಗುರುತು ಕೇಳುವಾಗ ಅವರ ಖಾಸಗಿತನವನ್ನೂ ಕಾಯಬೇಕು ಅನ್ನುವ ಪಾಠ ಅದು. ನಮ್ಮ ಕೌಂಟರ್‌ಗಳಲ್ಲಿ ಕೇಳಿಕೇಳಿದಲ್ಲೆಲ್ಲ ಆಧಾರ್ ಜೆರಾಕ್ಸ್ ಕೊಡುವವರು ಇದನ್ನು ಯೋಚಿಸಬೇಕು.

ತುರ್ತು ಸಂದರ್ಭದಲ್ಲಿ ಏನು ಮಾಡಬೇಕು?

* ಜೀವಕ್ಕೆ ಅಪಾಯವಿದ್ದರೆ ರೆಫರಲ್ ಇಲ್ಲದೆಯೇ ಒಪ್ಪಂದದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕಾರ್ಡ್ ತೋರಿಸಿ, ಮುಂದಿನ ವರದಿ ಆನ್‌ಲೈನ್‌ನಲ್ಲಿ ಕಳಿಸುವುದು ಆಸ್ಪತ್ರೆಯ ಕೆಲಸ.
* ಒಪ್ಪಂದದ ಆಸ್ಪತ್ರೆ ಅರ್ಹ ರೋಗಿಯಿಂದ ಅಡ್ವಾನ್ಸ್ ಕೇಳುವಂತಿಲ್ಲ.
* ಒಪ್ಪಂದ ಇಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ. ಬಿಲ್ ನೀವೇ ಕಟ್ಟಿ, ಆಮೇಲೆ ಮರುಪಾವತಿ ಕೇಳಬೇಕು. ನಿಗದಿತ ದರದಷ್ಟೇ ಸಿಗುತ್ತದೆ, ಆಸ್ಪತ್ರೆ ಹಾಕಿದಷ್ಟಲ್ಲ.
* ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದರೆ ತಾತ್ಕಾಲಿಕ ಚೀಟಿ ಕೇಳಿ ಪಡೆಯಿರಿ.
* ಪಾಲಿಕ್ಲಿನಿಕ್‌ನ ಪ್ರಭಾರ ಅಧಿಕಾರಿಯ ನಂಬರನ್ನು ಮನೆಯವರೆಲ್ಲರ ಫೋನಿನಲ್ಲಿ ಈಗಲೇ ಸೇವ್ ಮಾಡಿ. ಆ ರಾತ್ರಿ ನಮ್ಮ ಬಳಿ ಇಲ್ಲದಿದ್ದದ್ದು ಇದೇ.

ಬೆರಳಚ್ಚು ಹೊಂದದಿದ್ದರೆ ಅದು ಯಂತ್ರದ ಸೋಲು, ರೋಗಿಯ ತಪ್ಪಲ್ಲ. ಫೋಟೊ ಇದೆ, ಕಾರ್ಡ್ ಸಂಖ್ಯೆ ಇದೆ, ಪಾಲಿಕ್ಲಿನಿಕ್‌ನ ದಾಖಲೆ ಇದೆ. ದುಡಿದು ಸವೆದ ಬೆರಳು ಅನುಮಾನಕ್ಕೆ ಕಾರಣವಾಗಬಾರದು.

ಕಾರ್ಡೇ ಸಿಗದವರು

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ ಮುಗಿಸಿದವರಲ್ಲಿ ಗರಿಷ್ಠ ಶೇ. 25 ಮಂದಿ ಮಾತ್ರ ಖಾಯಂ ಆಗುತ್ತಾರೆ. ಹೊರಬರುವ ಉಳಿದವರಿಗೆ ಸೇವಾ ನಿಧಿಯ ಇಡಿಗಂಟು ಇದೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನ ಇಲ್ಲ, ಇಸಿಎಚ್‌ಎಸ್ ಇಲ್ಲ. ಸೇವೆಯ ಕಾರಣದಿಂದ ಅಂಗವಿಕಲರಾದರೆ ಪ್ರಮಾಣಕ್ಕೆ ತಕ್ಕಂತೆ 44, 25 ಅಥವಾ 15 ಲಕ್ಷ ರೂಪಾಯಿ ಒಂದು ಬಾರಿಯ ಪರಿಹಾರ. ಮೊದಲ ತಂಡದ ನಾಲ್ಕು ವರ್ಷ ಮುಗಿಯತೊಡಗುವುದು 2026ರ ಕೊನೆಗೆ.

"ನಾಲ್ಕೇ ವರ್ಷಕ್ಕೆ ಜೀವನಪೂರ್ತಿ ಚಿಕಿತ್ಸೆ ಕೊಡೋಕಾಗುತ್ತಾ?" ಅಂತ ಕೇಳುವವರಿದ್ದಾರೆ. ಖರ್ಚಿನ ಪ್ರಶ್ನೆ ಸುಳ್ಳಲ್ಲ. ಬಿಲ್ ಬಾಕಿ ಅಂತ ಆಸ್ಪತ್ರೆಗಳು ಈಗಲೇ ಗೊಣಗುತ್ತವೆ. ಆದರೆ ಇದು ವಂತಿಗೆ ಕಟ್ಟಿಸಿಕೊಳ್ಳುವ ಯೋಜನೆ. ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೆ ತೆರೆದ ಬಾಗಿಲನ್ನು ಸೇವಾ ನಿಧಿಯಿಂದಲೇ ವಂತಿಗೆ ಕಟ್ಟಬಲ್ಲ ಅಗ್ನಿವೀರನಿಗೆ ಯಾಕೆ ತೆರೆಯಬಾರದು? ಮಂಜಿನಲ್ಲಿ ನಿಂತು ಹಾಳಾದ ಮಂಡಿ, ಗುಂಡಿನ ಸದ್ದಿಗೆ ಮಂದವಾದ ಕಿವಿ ನಾಲ್ಕನೇ ವರ್ಷಕ್ಕೆ ತಾವಾಗೇ ಸರಿಹೋಗುವುದಿಲ್ಲ.

ಅಮ್ಮ ಈಗ ಚೆನ್ನಾಗಿದ್ದಾರೆ. ಅವರ ಕೈಲಿ ಕಾರ್ಡ್ ಇತ್ತು, ಓದಲು ಯಂತ್ರಕ್ಕೆ ಬರಲಿಲ್ಲ. ಅಪ್ಪನಿಗೆ ವಾದ ಮಾಡಲು ಒಂದು ಹಕ್ಕಾದರೂ ಇತ್ತು. ನಮ್ಮ ಬೀದಿಯಿಂದ ಅಗ್ನಿವೀರನಾಗಿ ಹೋದ ಹುಡುಗ ವಾಪಸ್ ಬಂದಾಗ ಅದೇ ಕೌಂಟರ್ ಮುಂದೆ ಏನು ತೋರಿಸಬೇಕು?