ಹೆಬ್ಬಾರರ ಗೆರೆ: ಅರೆ ಅಮೂರ್ತ ಮನುಷ್ಯಾಕೃತಿಗಳನ್ನು ನೋಡುವ ಬಗೆ

ಅರೆ ಅಮೂರ್ತ ರೇಖಾಚಿತ್ರದಲ್ಲಿ ಮನುಷ್ಯನ ಗುರುತು ಸಿಗುತ್ತದೆ, ಆದರೆ ಮೈಯ ಪೂರ್ತಿ ವಿವರ ಇರುವುದಿಲ್ಲ. ಕಲಾವಿದ ತನಗೆ ಬೇಕಾದುದನ್ನಷ್ಟೇ ಮಸಿಯಲ್ಲಿ ಉಳಿಸಿ ಮಿಕ್ಕುದನ್ನು ಬಿಳಿ ಹಾಳೆಗೆ ಬಿಡುತ್ತಾನೆ. ಈ ಬಗೆಯ ಚಿತ್ರಗಳಿಂದ ಹೆಸರಾದ ಕನ್ನಡಿಗರಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಪ್ರಮುಖರು.

ಮನುಷ್ಯರನ್ನು ಗೆರೆಗೆ ಇಳಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಹೊತ್ತಿಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಮೂಡುತ್ತದೆ. ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಹೆಂಗಸರು ಅದನ್ನು ಬರೆಯುತ್ತಾರೆ. ಆ ಚಿತ್ತಾರದ ಮದುಮಕ್ಕಳಿಗೆ ಮುಖಚಹರೆ ಇಲ್ಲ. ಚೌಕಟ್ಟಿನಲ್ಲಿ ಅವರಿಗೆ ಸಿಕ್ಕ ಜಾಗ, ಸುತ್ತಲಿನ ಗೆರೆಗಳ ಹೆಣಿಗೆ ಅವರು ಯಾರೆಂದು ಹೇಳುತ್ತವೆ. ಹಸೆಯ ಗೆರೆ ಶುಭವನ್ನು ನೆಲೆ ನಿಲ್ಲಿಸುವ ಗೆರೆ. ಹೆಬ್ಬಾರರ ಗೆರೆ ಹಿಡಿಯಹೊರಟದ್ದು ಚಲನೆಯನ್ನು.

ಹೆಬ್ಬಾರರು 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಯಕ್ಷಗಾನದ ಕುಣಿತ, ಚೆಂಡೆಯ ಪೆಟ್ಟು ಆ ಸೀಮೆಯ ದಿನನಿತ್ಯದ ಬದುಕಿನಲ್ಲೇ ಇದ್ದವು. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಮುಗಿಸಿದ ಅವರು ಮುಂದೆ ಅಲ್ಲಿಯೇ ಪಾಠ ಹೇಳಿದರು. 1949–50ರ ಹೊತ್ತಿಗೆ ಪ್ಯಾರಿಸ್ಸಿನ ಅಕಾದೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಲಯ ಮೈಗೆ ಇಳಿಯದೆ ಗೆರೆಗೆ ಇಳಿಯದು ಎಂಬ ಅರಿವಿನಿಂದ ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕೂಡ ಕಲಿತರು. ಇದರ ಫಲ ರೇಖಾಚಿತ್ರಗಳಲ್ಲಿ ನೇರವಾಗಿ ಕಾಣುತ್ತದೆ. ನರ್ತಕರು, ವಾದ್ಯಗಾರರು, ದುಡಿಯುವ ಜನ ಅವುಗಳ ಮುಖ್ಯ ವಸ್ತು. ಈ ರೇಖಾಚಿತ್ರಗಳ ಸಂಗ್ರಹ ‘ದ ಸಿಂಗಿಂಗ್ ಲೈನ್’ 1964ರಲ್ಲಿ ಪ್ರಕಟವಾಯಿತು.

ಇಂಥ ಚಿತ್ರವನ್ನು ಅರ್ಥೈಸುವಾಗ ಮೊದಲು ನೋಡಬೇಕಾದುದು ಗೆರೆಯ ಹರಿವು. ನರ್ತಕಿಯ ಆಕೃತಿಯಲ್ಲಿ ಹೆಗಲಿನಿಂದ ಹೊರಟ ಗೆರೆ ಬೆನ್ನಿನ ಬಾಗನ್ನು ಹಿಡಿದು, ಸೊಂಟದಲ್ಲಿ ತಿರುಗಿ, ಲಂಗದ ಸುತ್ತಾಗಿ ಅರಳುತ್ತದೆ. ಅದು ಮೈಯ ಅಂಚು ಮಾತ್ರವಲ್ಲ, ತಿರುಗಿದ ದಾರಿಯೂ ಹೌದು. ಎರಡನೆಯದು ಗೆರೆಯ ದಪ್ಪ. ಮಸಿ ದಟ್ಟವಾಗಿ ನಿಂತಲ್ಲಿ ಭಾರ, ತೆಳುವಾಗಿ ಜಾರಿದಲ್ಲಿ ವೇಗ. ಮೂರನೆಯದು ಬಿಟ್ಟ ಜಾಗ. ಗೆರೆ ತುಂಡಾದಲ್ಲಿ ನೋಡುವವರ ಕಣ್ಣೇ ಅದನ್ನು ಕೂಡಿಸುತ್ತದೆ. ಕಣ್ಣು, ಮೂಗು ಇಲ್ಲದಿದ್ದರೂ ಕತ್ತಿನ ಓರೆ, ಬೆರಳುಗಳ ನಿಲುವು ಭಾವವನ್ನು ತಿಳಿಸುತ್ತವೆ.

ಒಂದಕ್ಕಿಂತ ಹೆಚ್ಚು ಆಕೃತಿಗಳಿದ್ದರೆ ಅವುಗಳ ನಡುವಣ ಸಂಬಂಧವನ್ನೂ ಗಮನಿಸಬೇಕು. ಒಬ್ಬರ ತೋಳಿನ ಗೆರೆ ಮತ್ತೊಬ್ಬರ ಬೆನ್ನಿಗೆ ಸೇರಿದರೆ ಆಪ್ತತೆ ಕಾಣುತ್ತದೆ. ಗೆರೆಗಳು ಬೇರೆ ಬೇರೆ ದಿಕ್ಕಿಗೆ ಎಳೆದರೆ ಬಿಗುವು. ಆ ಇಬ್ಬರು ತಾಯಿ–ಮಗಳೋ ಗೆಳತಿಯರೋ ಎಂದು ಗೆರೆ ಹೇಳದಿದ್ದಾಗ ಕಥೆ ಕಟ್ಟಿ ತೀರ್ಮಾನಿಸುವುದು ಸಲ್ಲ. ಚಿತ್ರದ ಶೀರ್ಷಿಕೆ, ಬರೆದ ಕಾಲ, ಕಲಾವಿದರ ಇತರ ಚಿತ್ರಗಳು ಅಂಥಲ್ಲಿ ನೆರವಾಗುತ್ತವೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಹೆಬ್ಬಾರರು 1996ರಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಕಾಣಬಹುದು. ಅಚ್ಚಿನಲ್ಲಿ ಮಸಿಯ ದಪ್ಪ–ತೆಳುವಿನ ವ್ಯತ್ಯಾಸ ಬಹುಪಾಲು ಮಾಸುವುದರಿಂದ, ಮೂಲ ಚಿತ್ರದ ಮುಂದೆ ನಿಂತು ನೋಡುವುದೇ ಸರಿಯಾದ ಅಭ್ಯಾಸ.